ಮೆಟ್ಟಿಲಿಳಿದ ಹಾಸಿಗೆ

ಹಾಸಿಗೆ ಅಂಗಡಿಯ ಬೋರ್ಡಿನ ಮೇಲೆ, ಫೋನ್ ನಂಬರಿಗಿಂತ ದೊಡ್ಡ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಹಾಸಿಗೆ ಹೊಲಿಯುವವನ ಕೈಯನ್ನು ಸ್ವರ್ಗದ ಬಾಗಿಲಲ್ಲಿ ಎಲ್ಲರಿಗಿಂತ ಮೊದಲು ತೊಳೆಯಲಾಗುವುದು – ಹದೀಸ್.’ ಬರೆಸಿದ್ದು ಅಜ್ಜ. ಪ್ರವಾದಿಯವರ ಯಾವ ನುಡಿ ಇದು, ಯಾರಿಂದ ಬಂದದ್ದು ಎಂದು ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಹಾಸಿಗೆ ಕೊಳ್ಳಲು ಬಂದವರು ಹತ್ತಿ ಹೊಸದೋ ಹಳೆಯದೋ ಎಂದು ಕೇಳುತ್ತಾರೆ, ಬೋರ್ಡಿನ ಮಾತಿಗೆ ಸಾಕ್ಷಿ ಕೇಳುವುದಿಲ್ಲ.

ಅಜ್ಜನ ಬಾಯಲ್ಲಿ ಪ್ರವಾದಿಯವರ ಮಾತೂ ಅವನ ಸ್ವಂತ ಅಪ್ಪನ ಮಾತೂ ಒಂದೇ ಚೀಲಕ್ಕೆ ಬಿದ್ದ ಹತ್ತಿಯಂತೆ ಕಲೆತುಹೋಗಿದ್ದವು. “ಬಿಸಿ ಅನ್ನಕ್ಕೆ ಊದಬೇಡ, ಹದೀಸಿನಲ್ಲಿದೆ.” “ಸಂಜೆ ಮೇಲೆ ಕಸ ಗುಡಿಸಬೇಡ, ಹದೀಸಿನಲ್ಲಿದೆ.” “ಸೂಜಿ ಎರವಲು ಕೊಡಬೇಡ, ಹದೀಸಿನಲ್ಲಿದೆ.” ಇವುಗಳಲ್ಲಿ ಕೆಲವು ನಿಜಕ್ಕೂ ಇದ್ದವು, ಕೆಲವು ಇರಲಿಲ್ಲ. ಯಾವುದು ಯಾವುದೆಂದು ಅಜ್ಜನಿಗೇ ಗೊತ್ತಿರಲಿಲ್ಲ. “ಇವರು ಎರಡನೇ ಸಲ ಮಾಂಸ ಬಡಿಸಿಕೊಳ್ಳೋದೂ ಹದೀಸಿನಲ್ಲೇ ಇದೆಯಂತೆ” ಎಂದು ಅಜ್ಜಿ ನಗುತ್ತಿದ್ದಳು.

ನಗು ಮುಗಿದದ್ದು ಒಂದು ಮದುವೆ ಊಟದಲ್ಲಿ. ಅಜ್ಜನ ಮಗ, ಅಂಗಡಿಯ ಅರ್ಧ ಕೆಲಸ ಹೊರುವವನು, ಅಲ್ಲಿ ಒಬ್ಬ ವಿದ್ವಾಂಸರ ಪಕ್ಕ ಕೂತಿದ್ದ. ಏನು ಕೆಲಸ ಎಂದು ಅವರು ಕೇಳಿದರು. ಮಗ ಕೆಲಸ ಹೇಳಿ, ಜೊತೆಗೆ ಎದೆಯುಬ್ಬಿಸಿ ಆ ಹದೀಸನ್ನೂ ಹೇಳಿದ.

“ಚೆನ್ನಾಗಿದೆ. ಯಾವ ಗ್ರಂಥದಲ್ಲಿದೆ ಇದು?”

“ನಮ್ಮ ಅಂಗಡಿ ಬೋರ್ಡಿನಲ್ಲಿದೆ.”

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ವಿದ್ವಾಂಸರು ಮಾತ್ರ ನಗಲಿಲ್ಲ, ಅನ್ನ ಕಲೆಸುತ್ತ ತಲೆ ತಗ್ಗಿಸಿಕೊಂಡರು. ಮಗನಿಗೆ ಅದು ನಗುವಿಗಿಂತ ಹೆಚ್ಚು ಚುಚ್ಚಿತು. ಮನೆಗೆ ಬಂದವನೇ ಅಪ್ಪನ ಮುಂದೆ ನಿಂತ.

“ಆ ಬೋರ್ಡ್ ಅಳಿಸಿ ಅಪ್ಪ.”

“ಯಾಕೆ? ನಮ್ಮಪ್ಪ ಹೇಳಿದ ಮಾತು ಅದು.”

“ಹಾಗಾದ್ರೆ ನಮ್ಮಪ್ಪ ಹೇಳಿದ್ದು ಅಂತ ಬರೆಸಿ. ಹದೀಸ್ ಅಂತ ಯಾಕೆ ಬರೆಸಿದ್ರಿ? ಇವತ್ತು ನನ್ನ ಮಾನ ಮೂರು ಕಾಸಿಗೆ ಹೋಯ್ತು.”

“ನಮ್ಮಪ್ಪ ಸುಳ್ಳು ಹೇಳ್ತಾರಾ?”

“ಇನ್ಮೇಲೆ ನನಗೆ ಕುರಾನ್ ಒಂದೇ ಸಾಕು. ಅದರಲ್ಲಿ ಇದ್ದದ್ದು ಮಾಡ್ತೀನಿ, ಇಲ್ಲದ್ದು ಬಿಡ್ತೀನಿ. ಹದೀಸೂ ಬೇಡ, ಹದೀಸು ಹೇಳೋರೂ ಬೇಡ.”

ಅಡುಗೆಮನೆಯಿಂದ ಅಜ್ಜಿ ಇಣುಕಿದಳು. “ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಯ್ತು. ನನ್ನ ಅಕ್ಕ ಅಷ್ಟು ವರ್ಷ ಹುಡುಗೀರಿಗೆ ಅದೇ ಪಾಠ ಹೇಳಿದ್ದಾಳಲ್ಲ, ಒಂದು ಮಾತು ಅವಳನ್ನ ಕೇಳು.”

“ದೊಡ್ಡಮ್ಮನೂ ಬೇಡ, ಯಾರೂ ಬೇಡ. ದೇವರ ಮಾತಿಗೂ ನನಗೂ ನಡುವೆ ದಲ್ಲಾಳಿ ಯಾಕೆ?”

ಮಾರನೇ ದಿನವೇ ಅವನು ಒಂದು ಅನುವಾದ ಕೊಂಡು ತಂದ. ಬೆಳಗಿನ ನಮಾಜ್ ಆದ ಮೇಲೆ ಕಿಟಕಿ ಹತ್ತಿರ ಕೂತು ಓದುತ್ತಿದ್ದ. ನ್ಯಾಯವಾಗಿ ಹೇಳಬೇಕೆಂದರೆ, ಮೊದಮೊದಲು ಮನೆಗೆ ಒಳ್ಳೆಯದೇ ಆಯಿತು. ತೂಕದಲ್ಲಿ ಮೋಸ ಮಾಡಬೇಡಿ ಎಂದು ಓದಿದ ದಿನ ಅಂಗಡಿಯ ಹಳೆ ತಕ್ಕಡಿ ಗುಜರಿಗೆ ಹೋಯಿತು. ತಂದೆತಾಯಿಗೆ ‘ಛೆ’ ಎಂದೂ ಅನ್ನಬೇಡಿ ಎಂದು ಓದಿದ ಮೇಲೆ ಅಪ್ಪನ ಜೊತೆ ಬೋರ್ಡಿನ ಜಗಳ ನಿಲ್ಲಿಸಿದ. ಹಾಸಿಗೆಯ ಗೌಸು ಹೊಲಿಯುತ್ತ ಕೂತ ಹೆಂಡತಿಗೆ ಒಂದೊಂದು ಪುಟ ಓದಿ ಹೇಳುತ್ತಿದ್ದ. ಸೊಸೆಗೂ ಅದು ಹಿಡಿಸಿತ್ತು. ಗಂಡ ಬೆಳಗ್ಗೆ ಬೆಳಗ್ಗೆ ಎದುರಿಗೆ ಕೂತು ಮಾತಾಡುವುದು ಯಾರಿಗೆ ಬೇಡ?

ಆ ಮನೆಯಲ್ಲಿ ಅಂಗಡಿ ಕೆಳಗೆ, ವಾಸ ಮೇಲೆ. ಮೆಟ್ಟಿಲು ಹೊರಗಿನಿಂದ, ಬೀದಿಗೆ ಮುಖ ಮಾಡಿ ಹತ್ತುತ್ತದೆ. ಮೇಲೆ ಏನೇ ಸಾಮಾನು ಹೋದರೂ ಇಳಿದರೂ ಎದುರಿನ ಚಹಾದವನಿಂದ ಹಿಡಿದು ಮೂಲೆಯ ಕ್ಷೌರಿಕನವರೆಗೆ ಎಲ್ಲರಿಗೂ ಕಾಣುತ್ತದೆ. ರಾತ್ರಿ ಊಟಕ್ಕೆ ಐದೂ ಜನ ಒಂದೇ ದೊಡ್ಡ ಹರಿವಾಣದ ಸುತ್ತ ಕೂರುತ್ತಿದ್ದರು: ಅಜ್ಜ, ಅಜ್ಜಿ, ಮಗ, ಸೊಸೆ, ಮತ್ತು ಆರನೇ ಕ್ಲಾಸಿನ ಮೊಮ್ಮಗಳು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಬಾಲ’ ಎಂದು. ಅಪ್ಪ ಎಲ್ಲಿ ಹೋದರೂ ಹಿಂದೆ ಅವಳು ಇದ್ದೇ ಇರುತ್ತಿದ್ದಳು. ಶಾಲೆಯಿಂದ ಬಂದವಳು ಚೀಲ ಬಿಸಾಕಿ ನೇರ ಅಂಗಡಿಗೆ ಇಳಿದು, ಅಪ್ಪನ ದಬ್ಬಣಕ್ಕೆ ದಾರ ಪೋಣಿಸಿಕೊಡುವುದು ಅವಳ ಕೆಲಸ. ಊಟಕ್ಕೂ ಅವನ ಮಗ್ಗುಲೇ ಬೇಕು.

ಓದು ಹಾಗೇ ಮುಂದುವರಿದು ಒಂದು ಬೆಳಗ್ಗೆ ಮಗ ಈ ಮಾತಿಗೆ ಬಂದ: ಮುಟ್ಟಿನ ಬಗ್ಗೆ ನಿಮ್ಮನ್ನು ಕೇಳುತ್ತಾರೆ, ಅದೊಂದು ತೊಂದರೆ ಎಂದು ಹೇಳಿ, ಆ ಸಮಯದಲ್ಲಿ ಹೆಂಗಸರಿಂದ ದೂರವಿರಿ, ಅವರು ಶುದ್ಧರಾಗುವ ತನಕ ಅವರ ಬಳಿ ಹೋಗಬೇಡಿ. ಅವನು ಎರಡು ಸಲ ಓದಿದ. ಅವತ್ತು ಹೆಂಡತಿಗೆ ಓದಿ ಹೇಳಲಿಲ್ಲ.

ಕೆಲವು ದಿನ ಕಳೆದು ಸೊಸೆ ಎಂದಿನ ಹಾಗೆ, ಬಟ್ಟೆ ಮಡಚುತ್ತ, “ಇವತ್ತಿಂದ ನಂಗೆ ನಮಾಜ್ ರಜಾ” ಎಂದಳು. ಅವನು ಮಂಚದ ಮೇಲಿನ ತನ್ನ ಹಾಸಿಗೆ ಸುತ್ತತೊಡಗಿದ.

“ಎಲ್ಲಿಗೆ ರೀ ಅದು?”

“ಕೆಳಗೆ ಮಲಗ್ತೀನಿ. ನೀನು ಶುದ್ಧ ಆಗೋವರೆಗೆ.”

“ನಾನೇನು ತಪ್ಪು ಮಾಡ್ದೆ?”

“ನಿನ್ನ ತಪ್ಪು ಏನೂ ಇಲ್ಲ. ದೂರ ಇರಿ ಅಂತ ಪುಸ್ತಕದಲ್ಲಿದೆ. ನಾನೇ ದೂರ ಹೋಗ್ತೀನಿ, ನೀನು ಆರಾಮಾಗಿರು.”

“ಮದುವೆ ಆಗಿ ಇಷ್ಟು ವರ್ಷ ಆಯ್ತಲ್ಲ, ಆ ದಿನಗಳಲ್ಲಿ ನಾವು ಯಾವತ್ತಾದ್ರೂ ಎಲ್ಲೆ ಮೀರಿದ್ದೀವಾ?”

“ಎಲ್ಲೆ ಎಲ್ಲಿದೆ ಅಂತಲೇ ನನಗೆ ಗೊತ್ತಿರ್ಲಿಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಜಗಳವನ್ನಾದರೂ ಆಡುತ್ತಿದ್ದಳು. ಹಾಸಿಗೆ ಅಂಗಡಿಯಲ್ಲಿ ಹಾಸಿಗೆಗೆ ಬರವೇ ಎಂದು ನೀವು ಕೇಳಬಹುದು. ಆದರೆ ಆ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ: ಗಿರಾಕಿಯ ಹಾಸಿಗೆಯ ಮೇಲೆ ಹೊಲಿದವನು ಮೈಚಾಚಬಾರದು, ಚಾಚಿದರೆ ಅದು ಹಳೇ ಮಾಲು. ಹಾಗಾಗಿ ಅವನು ತನ್ನ ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು, ಅಂಗಡಿ ಇನ್ನೂ ತೆರೆದಿರುವಾಗಲೇ, ಬೀದಿ ಮುಖದ ಮೆಟ್ಟಿಲಿಳಿದ. ಹತ್ತಿ ಹಿಂಜುವ ಯಂತ್ರದವನು ಯಂತ್ರ ನಿಲ್ಲಿಸಿ, “ಏನಣ್ಣ, ರಿಪೇರಿಗಾ?” ಎಂದು ಕೇಳಿದ. “ಅಲ್ಲ” ಎಂದ ಮಗ.

ಊಟಕ್ಕೂ ಅದೇ ಪಾಡಾಯಿತು. ಹರಿವಾಣದ ಸುತ್ತ ಅವಳಿದ್ದರೆ ಅವನಿಲ್ಲ. ಅವಳು ಚಹಾ ಕೊಟ್ಟರೆ ಕೈಯಿಂದ ಇಸಿದುಕೊಳ್ಳುವುದಿಲ್ಲ, ಕಟ್ಟೆಯ ಮೇಲಿಡಬೇಕು. ಮನೆಯವರಿಗೆ ತೊಂದರೆ ಬೇಡವೆಂದು ಅಂಗಡಿಯಲ್ಲೇ ಸ್ಟೌವ್ ಹಚ್ಚಿ ಮೊಟ್ಟೆ ಬೇಯಿಸಿಕೊಳ್ಳಲು ಹೋದ, ನೀರು ಇಂಗಿ ಪಾತ್ರೆ ಕಪ್ಪಾಯಿತು. ಆ ಪಾತ್ರೆ ಉಜ್ಜಲು ಮೇಲೆ ಬಂದದ್ದು ಸೊಸೆಯ ಪಾಲಿಗೇ.

“ಪಾತ್ರೆಗೆ ನನ್ನ ಕೈ ತಾಗಬಹುದಾ? ಅದಕ್ಕೇನು ದೂರ ಇಲ್ವಾ?” ಎಂದು ಅವಳು ಅತ್ತೆಯನ್ನು ಕೇಳಿದಳು.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಳು. ಮಗ ಹಾಸಿಗೆಯ ಅಂಚು ಹೊಲಿಯುತ್ತಿದ್ದ.

“ಯಾವನೋ ನಿನಗೆ ಇದನ್ನ ಕಲಿಸಿದ್ದು?”

“ಯಾರೂ ಕಲಿಸಿಲ್ಲಮ್ಮ, ನಾನೇ ಓದಿದೆ.”

“ಸಂಜೆ ಮಗ್ರಿಬ್ ನಮಾಜ್ ಎಷ್ಟು ಸುತ್ತು, ಎಷ್ಟು ರಕಾತ್ ಮಾಡ್ತೀಯ?”

“ಮೂರು.”

“ಮೂರು ಅಂತ ನಿನ್ನ ಪುಸ್ತಕದಲ್ಲಿ ಎಲ್ಲಿದೆ ತೋರ್ಸು.”

ಮಗ ದಾರ ಎಳೆಯುವುದನ್ನು ನಿಲ್ಲಿಸಿದ. “ಅದು ಮೊದಲಿಂದ ಎಲ್ಲರೂ ಮಾಡ್ತಾ ಬಂದಿರೋದು.”

“ಮೊದಲಿಂದ ಅಂದ್ರೆ ಯಾರಿಂದ? ಒಬ್ಬರು ಮಾಡಿ ತೋರಿಸಿದ್ದಕ್ಕೆ ತಾನೇ? ಈ ದಬ್ಬಣ ಹಿಡಿಯೋದನ್ನ ಯಾವ ಪುಸ್ತಕ ನೋಡಿ ಕಲಿತೆ? ನಿಮ್ಮಪ್ಪನ ಕೈ ನೋಡಿ ಕಲಿತೆ.”

“ಅಪ್ಪನ ಕೈ ಸರಿ ಇದೆ ಅಮ್ಮ. ಬಾಯಿ ಸರಿ ಇಲ್ಲ.”

ಮೂಲೆಯಲ್ಲಿ ಲೆಕ್ಕ ನೋಡುತ್ತಿದ್ದ ಅಜ್ಜ ಕನ್ನಡಕದ ಮೇಲಿಂದ ನೋಡಿದ. “ಹೆತ್ತವರ ಬಾಯಿಗೆ ಬೈಯಬಾರದು, ಹದೀಸಿನಲ್ಲಿ...” ಎಂದು ಶುರು ಮಾಡಿ, ಇಬ್ಬರ ಮುಖವನ್ನೂ ನೋಡಿ ಮತ್ತೆ ಲೆಕ್ಕಕ್ಕೆ ಬಗ್ಗಿದ.

ವಾರ ಕಳೆಯಿತು, ಹಾಸಿಗೆ ಮೇಲೆ ಹೋಯಿತು, ಮನೆ ಮೊದಲಿನಂತೆ ಉಂಡಿತು. ಇದೊಂದು ಹುಚ್ಚು, ಬಿಟ್ಟುಹೋಗುತ್ತದೆ ಎಂದು ಸೊಸೆ ಹಲ್ಲು ಕಚ್ಚಿಕೊಂಡಳು. ಮುಂದಿನ ತಿಂಗಳು ಹಾಸಿಗೆ ಮತ್ತೆ ಇಳಿಯಿತು. ಅವಳು ಕಿಟಕಿ ಹತ್ತಿರ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಕೆಳಗೆ ಯಂತ್ರದವನು ಚಹಾದವನಿಗೆ ಹೇಳಿದ್ದು ಅವಳ ಕಿವಿಗೆ ಸ್ಪಷ್ಟವಾಗಿ ಬಿತ್ತು.

“ಅಣ್ಣನ ಹಾಸಿಗೆ ಇಳೀತು. ಅತ್ತಿಗೆಗೆ ರಜಾ ಶುರು ಅಂತ ಕಾಣುತ್ತೆ.”

ಚಹಾದವನು ನಕ್ಕ ಸದ್ದೂ ಕೇಳಿಸಿತು. ಸೊಸೆ ಮಿಷನ್ನಿನಿಂದ ಎದ್ದು ಕಿಟಕಿ ಮುಚ್ಚಿದಳು. ತಾಯಿಗೂ ಪಿಸುಮಾತಿನಲ್ಲಿ ಹೇಳುವ ಸಂಗತಿಯನ್ನು ಗಂಡ ಎಂಬುವವನು ತಿಂಗಳು ತಿಂಗಳೂ ಹೆಗಲ ಮೇಲೆ ಹೊತ್ತು ಬೀದಿಗೆ ಸಾರುತ್ತಿದ್ದ. ಅವಳು ಮೆಟ್ಟಿಲ ಅರ್ಧಕ್ಕೆ ಇಳಿದು ಅವನನ್ನು ಕರೆದಳು.

“ಮುಂದಿನ ಸಲ ನೀವು ಹಾಸಿಗೆ ಇಳಿಸೋದು ಬೇಡ.”

“ಯಾಕೆ?”

“ನಾನೇ ಇಳಿದು ಹೋಗ್ತೀನಿ, ತವರಿಗೆ. ಅಣ್ಣಂಗೆ ಹೇಳಿ ಕಳಿಸ್ತೀನಿ. ನಿಮಗೆ ದೂರ ತಾನೇ ಬೇಕಾಗಿರೋದು? ಬೇಕಾದಷ್ಟು ದೂರ ಇರಿ. ವಾಪಸ್ ಬರ್ತೀನೋ ಇಲ್ವೋ ನಾನೇ ನೋಡ್ಕೊತೀನಿ.”

“ನಾನು ನಿನ್ನ ಬಿಟ್ಟಿದ್ದೀನಾ? ದೇವರ ಮಾತು ನಡೆಸ್ತಿದ್ದೀನಿ ಅಷ್ಟೇ.”

“ದೇವರು ಯಂತ್ರದವನಿಗೂ ಹೇಳು ಅಂದಿದ್ನಾ?”

ಅವನು ಅಂಗಡಿಯೊಳಗೆ ಹೋಗಿ ಹಾಸಿಗೆ ಬಿಡಿಸಿಕೊಂಡ, ಇನ್ನಷ್ಟು ಗಟ್ಟಿಯಾದ.

ಇದೆಲ್ಲದರ ನಡುವೆ ಬಾಲ ಅಂಗಡಿಗೆ ಇಳಿಯುವುದನ್ನು ಕಡಿಮೆ ಮಾಡಿದ್ದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಪರೀಕ್ಷೆ ಹತ್ತಿರ ಬಂತೆಂದು ಅಜ್ಜಿ ಅಂದುಕೊಂಡಳು. ಅಮ್ಮನ ಪಕ್ಷ ವಹಿಸಿದ್ದಾಳೆ ಎಂದು ಅಪ್ಪ ಅಂದುಕೊಂಡು, ಒಳಗೊಳಗೇ ನೊಂದುಕೊಂಡ. ತಾನೇ ಕಣ್ಣು ಕಿರಿದು ಮಾಡಿ ದಾರ ಪೋಣಿಸಿಕೊಳ್ಳತೊಡಗಿದ.

ಮೂರನೇ ಸಲ ಹಾಸಿಗೆ ಇಳಿದ ದಿನ ಸೊಸೆ ಅಣ್ಣನಿಗೆ ಫೋನ್ ಮಾಡಿದಳು. ನಾಡಿದ್ದು ಬರುತ್ತೇನೆ ಎಂದು ಅವನು ಹೇಳಿದ. ಅವಳು ಚೀಲಕ್ಕೆ ಬಟ್ಟೆ ತುಂಬಿದಳು, ಮಗಳ ಬಟ್ಟೆಯನ್ನೂ ತುಂಬಿದಳು. ಮಾರನೇ ದಿನ ಮಧ್ಯಾಹ್ನ ಶಾಲೆಗೆ ರಜೆ. ಮಗ ಒಂದು ದಪ್ಪ ಹಾಸಿಗೆಗೆ, ಹತ್ತಿ ಸರಿಯದಂತೆ, ಅಲ್ಲಲ್ಲಿ ಗುಂಡಿ ಹಾಕುತ್ತಿದ್ದ, ದಾರ ಮುಗಿಯಿತು. ಬಾಲ ಹೊರಗೆ ಮೆಟ್ಟಿಲ ಬುಡದಲ್ಲಿ ನಿಂತದ್ದು ಕಂಡು ಕರೆದ.

“ಬಾ ಇಲ್ಲಿ, ಇದೊಂದು ಪೋಣಿಸಿಕೊಡು.”

ಅವಳು ಬಂದಳು. ದಬ್ಬಣವನ್ನು ನೆಲದಿಂದ ಎತ್ತಿಕೊಂಡು, ದಾರ ಪೋಣಿಸಿ, ಹತ್ತಿ ಮೂಟೆಯ ಮೇಲಿಟ್ಟು ಹಿಂದೆ ಸರಿದಳು.

“ಕೈಗೆ ಕೊಡೇ.”

ಕೊಡಲಿಲ್ಲ.

“ಅಮ್ಮ ಏನಾದ್ರೂ ಹೇಳಿಕೊಟ್ಟಳಾ?” ಎನ್ನುತ್ತ ಅವನು ಎದ್ದ. ಅವಳು ಗೋಡೆಗೆ ಅಂಟಿಕೊಂಡಳು.

“ನೀವು ಅಲ್ಲೇ ಇರಿ ಅಪ್ಪ. ಹತ್ತಿರ ಬಂದ್ರೆ ನಿಮಗೆ ಪಾಪ ಬರುತ್ತೆ.”

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅರೆಹೊಲಿದ ಹಾಸಿಗೆಯ ಮೇಲೆ, ಗಿರಾಕಿಯ ಹಾಸಿಗೆಯ ಮೇಲೆ, ಕೂತುಬಿಟ್ಟ.

“ಅಮ್ಮಂಗೆ ಹೇಳಿದ್ಯಾ?”

“ಇಲ್ಲ.”

“ಯಾಕಮ್ಮ?”

“ಹೇಳಿದ್ರೆ ಮನೆಯೋರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ನನ್ನ ಹಾಸಿಗೆನೂ ಕೆಳಗೆ ತರ್ತೀರಿ. ಆಮೇಲೆ ಎಲ್ಲರೂ ನಗ್ತಾರೆ.” ಅವಳು ಮೂಗು ಒರೆಸಿಕೊಂಡಳು. “ನಾನು ನನ್ನ ಹಾಸಿಗೆ ಮಂಚದ ಕೆಳಗೆ ಇಟ್ಟಿದ್ದೀನಿ. ಬರೀ ಚಾಪೆ ಮೇಲೆ ಮಲಗ್ತಿದ್ದೀನಿ. ನೀವು ಕೇಳಿದ್ರೆ ಹಾಸಿಗೆ ಇಲ್ಲ ಅಂತ ಹೇಳೋಣ ಅಂತ.”

ಮಗ ಹೆಂಡತಿಯನ್ನು ಕೂಗಿದ. ಆ ಕೂಗು ಹೇಗಿತ್ತೆಂದರೆ ಅವಳು ಬರಿಗಾಲಲ್ಲಿ ಮೆಟ್ಟಿಲು ಹಾರಿ ಬಂದಳು. ಮಗಳ ಮುಖ ನೋಡಿದ ತಕ್ಷಣ ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಬಾಚಿ ತಬ್ಬಿಕೊಂಡು ಮೇಲೆ ಕರೆದುಕೊಂಡು ಹೋದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೂ ಮಗಳನ್ನು ತಬ್ಬಿ ಸಮಾಧಾನ ಮಾಡಬೇಕಿತ್ತು. ದೂರವಿರಿ ಎಂದು ಓದಿದ್ದ, ದೂರವೇ ನಿಂತ. ಜೀವಮಾನದಲ್ಲಿ ಅಂಥ ಸಂಕಟ ಅವನು ಪಟ್ಟಿರಲಿಲ್ಲ. ಪುಸ್ತಕ ಸುಳ್ಳಾಗಲಾರದು, ಇದು ಅವನಿಗೆ ಖಚಿತ. ಹಾಗಾದರೆ ಈ ಮಗು ಬರೀ ಚಾಪೆಯ ಮೇಲೆ ಮಲಗಿದ್ದು ಸರಿಯೇ?

“ಅಮ್ಮ,” ಎಂದ, ಅಡುಗೆಮನೆಯ ಹೊಸ್ತಿಲ ಹೊರಗಿನಿಂದ, “ದೊಡ್ಡಮ್ಮ ಹೊಲಿಯೋಕೆ ಹೇಳಿದ್ದ ಹಾಸಿಗೆ ರೆಡಿ ಇದೆ. ಕೊಟ್ಟು ಬರ್ತೀನಿ.”

ಅಜ್ಜಿಗೆ ತಿಳಿಯಿತು. “ಹೋಗಪ್ಪ. ಕೊಡೋದು ಮಾತ್ರ ಅಲ್ಲ, ಕೇಳಿನೂ ಬಾ.”

“ನಾನೂ ಬರ್ತೀನಿ,” ಎಂದು ಅಜ್ಜ ಚಪ್ಪಲಿ ಮೆಟ್ಟಿದ. “ಬೋರ್ಡಿನ ವಿಷಯ ಅತ್ತಿಗೆ ಹತ್ರನೇ ಇತ್ಯರ್ಥ ಆಗ್ಲಿ.”

ದೊಡ್ಡಮ್ಮನ ಮನೆ ಎರಡೇ ಕೋಣೆ. ಒಂದು ಕೋಣೆಯಲ್ಲಿ ಅವಳು, ಇನ್ನೊಂದರಲ್ಲಿ ಪುಸ್ತಕ. ಕೆಲಸದಿಂದ ನಿವೃತ್ತಿಯಾದ ಮೇಲೂ ಹಳೆ ಶಿಷ್ಯೆಯರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಅನುಮಾನ ಕೇಳಲು ಬರುತ್ತಿದ್ದರು. ಬಂದ ಹಾಸಿಗೆಯನ್ನು ಮಂಚಕ್ಕೆ ಹಾಸಿಸಿ, ಮೇಲೆ ಮಲಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳಿ ನೋಡಿ, “ನಡು ಭಾಗಕ್ಕೆ ಹತ್ತಿ ಹೆಚ್ಚಿಗೆ ಹಾಕಿದ್ದೀಯ, ಒಳ್ಳೇದಾಯ್ತು” ಎಂದ ಮೇಲೆಯೇ ಅವಳು ಎದ್ದು ಕೂತದ್ದು. “ಈಗ ಹೇಳಿ. ಇಬ್ಬರ ಮುಖವೂ ಊದಿದೆ.”

ಮೊದಲು ಅಜ್ಜನೇ ಬಾಯಿಬಿಟ್ಟ. ಬೋರ್ಡಿನ ಮಾತನ್ನು ದೊಡ್ಡಮ್ಮ ಇನ್ನೊಮ್ಮೆ ಹೇಳಿಸಿದಳು.

“ಇಷ್ಟು ವರ್ಷ ಓದಿದ್ದೀನಿ, ಇದನ್ನ ಎಲ್ಲೂ ಕಂಡಿಲ್ಲ. ನನಗಿಂತ ಹೆಚ್ಚು ಓದಿದವರನ್ನೂ ಕೇಳಿ ನೋಡ್ತೀನಿ. ಅಲ್ಲೀವರೆಗೆ ಅದನ್ನ ಅಳಿಸಿ ಸಾಹುಕಾರ್ರೇ. ಪ್ರವಾದಿಯವರು ಹೇಳದ ಮಾತನ್ನ ಅವರ ಹೆಸರಿಗೆ ಅಂಟಿಸೋದು ಸಣ್ಣ ತಪ್ಪಲ್ಲ.”

ಅಜ್ಜನ ಮುಖ ಸಣ್ಣಗಾಯಿತು. ಮಗ ಮಧ್ಯೆ ಬಾಯಿ ಹಾಕಿದ. “ಇದಕ್ಕೇ ದೊಡ್ಡಮ್ಮ ನಾನು ಹದೀಸೇ ಬೇಡ ಅಂದದ್ದು!”

“ಖೋಟಾ ನಾಣ್ಯ ಬಂತು ಅಂತ ಸಂತೆನೇ ನಿಲ್ಲಿಸ್ತಾರೇನೋ? ಉಜ್ಜಿ ನೋಡೋರು ಬೇಕು. ನಿಂದೇನು ಕತೆ, ಅದನ್ನ ಹೇಳು.”

ಮಗ ಹೇಳಿದ. ವಚನ, ಹಾಸಿಗೆ, ಮೆಟ್ಟಿಲು, ಹೆಂಡತಿಯ ಚೀಲ, ಕೊನೆಗೆ ಮಗಳು. ದೊಡ್ಡಮ್ಮ ನಡುವೆ ಒಂದೇ ಒಂದು ಸಲ “ಅಯ್ಯೋ ಕಂದ” ಎಂದಳು, ಅದು ಮಗಳಿಗೋ ಅವನಿಗೋ ಗೊತ್ತಾಗಲಿಲ್ಲ.

“ದೂರ ಅಂದ್ರೆ ಎಷ್ಟು ದೂರ?” ಎಂದು ಕೇಳಿದಳು.

“ಅಂದ್ರೆ?”

“ಅಂಗಡಿವರೆಗಾ? ಬೀದಿ ತುದಿವರೆಗಾ? ಬೇರೆ ಊರಿಗಾ? ನಿಂಗೆ ಅಳತೆ ಯಾರು ಹೇಳಿದ್ರು?”

“ಯಾರೂ ಇಲ್ಲ. ನಾನೇ...”

“ನೀನೇ. ಪುಸ್ತಕ ಒಂದೇ ಸಾಕು ಅಂದೆ. ಆದ್ರೆ ಪುಸ್ತಕದ ಪಕ್ಕದಲ್ಲಿ ನಿನ್ನ ಊಹೆ ಕೂರಿಸಿಕೊಂಡೆ. ಪ್ರವಾದಿಯವರಿಗೆ ಜಾಗ ಇಲ್ಲ ಅಂದ ಮನೇಲಿ ಅದಕ್ಕೆ ಜಾಗ ಕೊಟ್ಟೆ.”

ಅವಳು ಎದ್ದು ಪಕ್ಕದ ಕೋಣೆಗೆ ಹೋದಳು. ಪುಸ್ತಕ ತೆಗೆಯುವ, ಇಡುವ, ಇನ್ನೊಂದು ತೆಗೆಯುವ ಸದ್ದು ಬಹಳ ಹೊತ್ತು ಕೇಳಿಸಿತು. “ಗೊತ್ತಿದ್ರೆ ಹೇಳಿಬಿಡಬಾರದಾ ಅತ್ತಿಗೆ?” ಎಂದು ಅಜ್ಜ ಕೂಗಿದ. “ಗೊತ್ತಿರೋದನ್ನೂ ನೋಡಿಯೇ ಹೇಳ್ಬೇಕು” ಎಂದು ಒಳಗಿನಿಂದ ಉತ್ತರ ಬಂತು. ಬಂದವಳ ಕೈಯಲ್ಲಿ ಎರಡು ದಪ್ಪ ಸಂಪುಟ, ನಡುವೆ ಕಾಗದದ ಗುರುತು.

“ಕೇಳು. ಪ್ರವಾದಿಯವರಿದ್ದ ಊರಲ್ಲಿ ಕೆಲವರು ಮುಟ್ಟಾದ ಹೆಂಗಸಿನ ಜೊತೆ ಊಟ ಮಾಡ್ತಿರಲಿಲ್ಲ, ಒಂದೇ ಮನೇಲಿ ಇರ್ತಾನೂ ಇರಲಿಲ್ಲ. ನಾವೂ ಹಾಗೆ ಮಾಡ್ಬೇಕಾ ಅಂತ ಜೊತೆಗಾರರು ಪ್ರವಾದಿಯವರನ್ನ ಕೇಳಿದ್ರು. ಆಗ ಬಂದ ವಚನ ಇದು. ಬಂದ ಮೇಲೆ ಅವರೇ ಬಿಡಿಸಿ ಹೇಳಿದ್ರು: ಗಂಡ ಹೆಂಡಿರ ಆ ಒಂದು ಸಂಗತಿ ಬಿಟ್ಟು ಬೇರೆ ಎಲ್ಲಾ ಮಾಡಿ ಅಂತ. ದೂರ ಅನ್ನೋದರ ಅಳತೆ ಇಷ್ಟೇ. ನೀನು ಮೂರು ತಿಂಗಳಿಂದ ಮಾಡ್ತಿರೋದು, ಅವರು ಬೇಡ ಅಂದ ಕೆಲಸ.”

ದೊಡ್ಡಮ್ಮ ಎರಡನೇ ಸಂಪುಟ ತೆರೆದಳು.

“ಇದು ಅವರ ಪತ್ನಿ ಹೇಳಿದ್ದು. ಮುಟ್ಟಾಗಿದ್ದಾಗ ನಾನು ನೀರು ಕುಡಿದು ಪಾತ್ರೆ ಕೊಡ್ತಿದ್ದೆ, ನಾನು ಬಾಯಿಟ್ಟ ಜಾಗದಲ್ಲೇ ಬಾಯಿಟ್ಟು ಅವರು ಕುಡೀತಿದ್ರು ಅಂತ. ಆಕೆ ನಾಚಿಕೊಂಡು ಸುಮ್ಮನಿದ್ದಿದ್ರೆ ಇವತ್ತು ನಿನ್ನ ಮಗಳಿಗೆ ಹೇಳೋಕೆ ನನ್ನ ಹತ್ರ ಏನೂ ಇರ್ತಿರಲಿಲ್ಲ. ಆಕೆ ಹೇಳಿದ್ಲು, ಕೇಳಿದೋರು ನೆನಪಿಟ್ರು, ಓದಿದೋರು ಬರೆದಿಟ್ರು.”

ಅಜ್ಜ ಕಣ್ಣೊರೆಸಿಕೊಂಡು, “ಇದು ಬೋರ್ಡಿಗೆ ಹಾಕೋ ಮಾತು” ಎಂದ.

“ನಿಮ್ಮ ಬೋರ್ಡಿಗೆ ಏನೂ ಬೇಡ, ಫೋನ್ ನಂಬರ್ ಇರ್ಲಿ.”

ಮಗನಿಗೆ ಇನ್ನೂ ಒಂದು ಮುಳ್ಳು ಉಳಿದಿತ್ತು. “ದೊಡ್ಡಮ್ಮ, ಬೋರ್ಡಿಂದು ಸುಳ್ಳು, ಇದು ನಿಜ ಅಂತ ಹೇಗೆ ನಂಬೋದು?”

ಪ್ರಶ್ನೆ ಅವಳಿಗೆ ಬೇಸರ ತರಲಿಲ್ಲ, ಖುಷಿಯೇ ಆಯಿತು. ಪುಟದ ತಲೆಯ ಮೇಲಿನ ಹೆಸರುಗಳ ಸಾಲಿನ ಮೇಲೆ ಅವನ ಬೆರಳಿಟ್ಟಳು. “ಇವರು ಇವರಿಂದ ಕೇಳಿದ್ರು, ಇವರು ಆಕೆಯಿಂದ. ಒಬ್ಬೊಬ್ಬರ ನೆನಪು ಹೇಗಿತ್ತು, ನಾಲಿಗೆ ಹೇಗಿತ್ತು, ಯಾರು ಯಾರನ್ನ ನಿಜವಾಗಿ ಭೇಟಿ ಆಗಿದ್ರು, ಎಲ್ಲಾ ಹುಡುಕಿ ಬರೆದಿಟ್ಟಿದ್ದಾರೆ. ಅದಕ್ಕೇ ಆಯುಸ್ಸು ಕಳೆದೋರಿದ್ದಾರೆ. ನಿಮ್ಮ ಬೋರ್ಡಿನ ಹಿಂದೆ ಪೇಂಟರ್ ಬಿಟ್ರೆ ಯಾರಿದ್ದಾರೆ ಹೇಳು?”

ಅವರು ಮನೆಗೆ ಬಂದಾಗ ಅಜ್ಜಿ ಹರಿವಾಣ ಇಟ್ಟಿದ್ದಳು, ಅನ್ನದ ಹಬೆ ಏಳುತ್ತಿತ್ತು. ಸೊಸೆ ಒಂದು ಬದಿಗೆ ಕೂತಿದ್ದಳು. ಮಗ ಬಂದು ಅವಳ ಎದುರು ಕೂತ. ಅವಳು ತಲೆಯೆತ್ತಲಿಲ್ಲ. ದೊಡ್ಡಮ್ಮ ಹೇಳಿದ್ದನ್ನು ಅಜ್ಜನೇ ತಡೆಯಲಾರದೆ ಮೊದಲಿಂದ ಕೊನೆಯವರೆಗೆ ಒದರಿದ, ಪಾತ್ರೆಯ ಮಾತಿನವರೆಗೂ. ಅದು ಮುಗಿದದ್ದೇ ಮಗ ಕೈ ಚಾಚಿ ಅವಳ ನೀರಿನ ಲೋಟ ಹಿಡಿದ. ಅವಳು ಲೋಟ ಬಿಡಲಿಲ್ಲ.

“ನಾಟಕ ಬೇಡ ರೀ.”

“ನಾಟಕ ಅಲ್ಲ. ತಪ್ಪಾಯ್ತು.”

“ತಪ್ಪಾಯ್ತು ಅಂದ್ರೆ ಬೀದಿಯೋರ ಕಿವಿಯಿಂದ ಅದು ವಾಪಸ್ ಬರುತ್ತಾ?”

“ಬರಲ್ಲ.”

“ಬೀದೀಲಿ ಕಳೆದದ್ದು ಬೀದೀಲೇ ಸಿಗಬೇಕು. ಹಾಸಿಗೆ ಈಗ ಕತ್ತಲಲ್ಲಿ ಕಳ್ಳನ ಹಾಗೆ ಮೇಲೆ ತರೋದು ಬೇಡ. ನಾಳೆ ಹಗಲಲ್ಲಿ ತನ್ನಿ, ಎಲ್ಲರೂ ನೋಡೋ ಹಾಗೆ. ಆಮೇಲೆ ನಾನು ಯೋಚನೆ ಮಾಡ್ತೀನಿ.” ಅವಳು ಲೋಟವನ್ನು ತನ್ನ ಕಡೆ ಇಟ್ಟುಕೊಂಡಳು. “ಮೊದಲು ಮಗಳನ್ನ ಕರ್ಕೊಂಡು ಬನ್ನಿ. ತಾರಸಿಗೆ ಹೋಗೋ ಮೆಟ್ಟಿಲಲ್ಲಿ ಕೂತಿದ್ದಾಳೆ. ನಾನು ಕರೆದ್ರೂ ಬರ್ಲಿಲ್ಲ, ಅಜ್ಜಿ ಕರೆದ್ರೂ ಬರ್ಲಿಲ್ಲ. ಅವಳಿಗೆ ನಮ್ಮ ಮಾತು ಬೇಕಾಗಿಲ್ಲ.”

ಬಾಲ ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು ಕೂತಿದ್ದಳು. ಮಗ ಹೋಗಿ ಅದೇ ಮೆಟ್ಟಿಲ ಮೇಲೆ ಕೂತ. ಅವಳು ಸರಿದಳು. ಅವನೂ ಸರಿದ. ಅವಳು ಮತ್ತೆ ಸರಿದಳು, ಆ ಕಡೆ ಗೋಡೆ ಬಂತು. ಅವನು ಅವಳ ಬಟ್ಟಲಿಗೆ ಕೈ ಹಾಕಿ ಒಂದು ತುತ್ತು ತಿಂದ.

“ಅಪ್ಪಾ!”

“ಉಪ್ಪು ಕಮ್ಮಿ ಇದೆ.”

“ಪುಸ್ತಕದಲ್ಲಿ ಬರೆದಿದೆಯಲ್ಲ?”

“ಬರೆದಿರೋದು ಸರಿಯಾಗೇ ಇದೆ. ನಾನು ಓದಿದ್ದು ತಪ್ಪು. ಗೊತ್ತಿದ್ದೋರನ್ನ ಕೇಳಬೇಕಿತ್ತು, ಕೇಳಲಿಲ್ಲ.”

“ಯಾರನ್ನ ಕೇಳಿದ್ರಿ ಈಗ?”

“ಅಜ್ಜಿಯ ಅಕ್ಕನನ್ನ. ಅವರು ಪ್ರವಾದಿಯವರ ಮನೇಲಿ ಹೇಗಿತ್ತು ಅಂತ ಹೇಳಿದ್ರು. ಅಲ್ಲಿ ಎಲ್ಲರೂ ಜೊತೇಲೇ ಊಟ ಮಾಡ್ತಿದ್ರಂತೆ.”

ಬಾಲ ಬಟ್ಟಲು ನೋಡಿದಳು, ಅಪ್ಪನನ್ನು ನೋಡಿದಳು. ಮುಂದಿನ ತುತ್ತನ್ನು ಅವನು ಅವಳ ಬಾಯಿಗೇ ಇಟ್ಟ. ಅವಳು ಅಳುತ್ತಲೇ ಅಗಿದಳು. ಬಟ್ಟಲು ಖಾಲಿಯಾದ ಮೇಲೆ ಇಬ್ಬರೂ ಕೆಳಗಿಳಿದು ಹರಿವಾಣದ ಮುಂದೆ ಕೂತು ಇನ್ನೊಮ್ಮೆ ಉಂಡರು. ಅವತ್ತಿನ ರಾತ್ರಿಯೂ ಮಗ ಅಂಗಡಿಯಲ್ಲೇ ಮಲಗಿದ. ದೊಡ್ಡಮ್ಮನ ತೀರ್ಪು ಸಿಕ್ಕರೂ ಹೆಂಡತಿಯ ಅಪ್ಪಣೆ ಇನ್ನೂ ಸಿಕ್ಕಿರಲಿಲ್ಲ.

ಬೆಳಗ್ಗೆ ಬೀದಿ ತುಂಬಿದ ಹೊತ್ತು. ಅಜ್ಜ ಏಣಿಯ ಬುಡದಲ್ಲಿ ನಿಂತು ಪೇಂಟರನಿಗೆ ಬೋರ್ಡು ಅಳಿಸಲು ಹೇಳುತ್ತಿದ್ದ. “ಬಣ್ಣ ಎರಡು ಸಲ ಬಳಿ, ಹದೀಸಿನಲ್ಲಿ... ಅಲ್ಲ, ನಮ್ಮಪ್ಪ ಹೇಳ್ತಿದ್ರು.” ಅಷ್ಟರಲ್ಲಿ ಸೊಸೆಯ ಅಣ್ಣ ತಂಗಿಯನ್ನು ಕರೆದೊಯ್ಯಲು ಬಂದು ಸ್ಕೂಟರ್ ನಿಲ್ಲಿಸಿದ. ಅದೇ ಗಳಿಗೆಗೆ ಮಗ ಹಾಸಿಗೆಯ ಒಂದು ತುದಿ ಹೊತ್ತು ಅಂಗಡಿಯಿಂದ ಹೊರಬಂದ. ಇನ್ನೊಂದು ತುದಿ ಬಾಲಳ ಕೈಯಲ್ಲಿತ್ತು.

ಯಂತ್ರದವನು ಯಂತ್ರ ನಿಲ್ಲಿಸಿದ. “ಏನಣ್ಣ, ಇಷ್ಟು ಬೇಗ? ಅತ್ತಿಗೆ ರಜಾ ಮುಗೀತಾ?”

ಮಗ ಮೂರನೇ ಮೆಟ್ಟಿಲಲ್ಲಿ ನಿಂತು ತಿರುಗಿದ. ಚಹಾದವನಿಗೂ ಮೂಲೆಯ ಕ್ಷೌರಿಕನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

“ಇಲ್ಲ, ಮುಗಿದಿಲ್ಲ. ಆದ್ರೂ ಹಾಸಿಗೆ ಮೇಲೆ ಹೋಗ್ತಿದೆ. ನಾನು ತಪ್ಪು ಓದಿಕೊಂಡು ಅವಳ ಮಾನ ಬೀದಿಗೆ ತಂದೆ. ಇನ್ನು ಯಾರಾದ್ರೂ ಆ ಮಾತು ಎತ್ತಿದ್ರೆ, ನನ್ನನ್ನ ನೋಡಿ ನಗಿ.”

ಯಾರೂ ನಗಲಿಲ್ಲ. ಯಂತ್ರದವನು ತಲೆ ತಗ್ಗಿಸಿ ಹತ್ತಿಗೆ ಕೈ ಹಾಕಿದ. ಮೇಲೆ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಅವಳು ಕಣ್ಣೊರೆಸಿಕೊಂಡು ಕೆಳಗೆ ನಿಂತಿದ್ದ ಅಣ್ಣನನ್ನು ಗದರಿದಳು.

“ಏನಣ್ಣ, ಸುಮ್ನೆ ನೋಡ್ತಾ ನಿಂತ್ಯಲ್ಲ? ಮಗು ಕೈಯಿಂದ ಆ ತುದಿ ಇಸ್ಕೋ. ಮೇಲೆ ಬಾ, ಚಹಾ ಕುಡಿದು ಹೋಗುವಿಯಂತೆ.”

ಅವನು ಕೈ ಚಾಚಿದ. ಬಾಲ ಕೊಡಲಿಲ್ಲ.

“ಬೇಡ ಮಾವ, ನಾನೇ ಹಿಡ್ಕೊಂಡಿದ್ದೀನಿ” ಎಂದು ಅವಳು ಹಾಸಿಗೆಯನ್ನು ಎದೆಗೊತ್ತಿಕೊಂಡು ಅಪ್ಪನ ಹಿಂದೆ ಇನ್ನೊಂದು ಮೆಟ್ಟಿಲು ಹತ್ತಿದಳು.